ಹದಿನಾಲ್ಕನೆಯ ಸನ್ನೆ

“ಇವತ್ತೊಂದಿನ ನೀವು ಹೊರಗೇ ಕೂತಿರಿ ಫಯಾಜ್ ಸಾರ್” ಎಂದು ವಾಣಿ ಮೇಡಂ ಹೇಳುವ ಹೊತ್ತಿಗೆ ಅವನು ಒಂದು ಕಾಲನ್ನು ಹೊಸ್ತಿಲಿನೊಳಗೆ ಇಟ್ಟಾಗಿತ್ತು. ಇಟ್ಟ ಕಾಲನ್ನು ಹಿಂದಕ್ಕೆ ತೆಗೆಯುವುದು ಹೇಗೆಂದು ಹೊಳೆಯದೆ ಒಂದು ಗಳಿಗೆ ಹಾಗೇ ನಿಂತ. ಆಮೇಲೆ, ಚಪ್ಪಲಿ ಸರಿಯಾಗಿ ಬಿಟ್ಟಿಲ್ಲವೆಂಬುದು ಆಗಷ್ಟೇ ನೆನಪಾದವನಂತೆ ಹೊರಬಂದು, ಸರಿಯಾಗಿಯೇ ಇದ್ದ ಚಪ್ಪಲಿಗಳನ್ನು ಬಗ್ಗಿ ಜೋಡಿಸಿ, ವರಾಂಡದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತ. ಅವನ ಪಕ್ಕದಿಂದಲೇ ಸಫೂರಾ ಒಳಗೆ ಹೋದಳು. ಹತ್ತೊಂಬತ್ತು ವರ್ಷದ ಮಗಳು. ಹುಟ್ಟಿನಿಂದ ಕಿವಿ ಕೇಳದವಳು. ಯಾವ ಬಾಗಿಲು ದಾಟುವಾಗಲೂ ಅಬ್ಬಾ ಹಿಂದಿದ್ದಾನೆಯೇ ಎಂದು ಒಮ್ಮೆ ತಿರುಗಿ ನೋಡಿಕೊಳ್ಳುವವಳು ಇವತ್ತು ತಿರುಗಲಿಲ್ಲ. ತಿರುಗಲಿಲ್ಲ ಎಂದರೆ ಅವಳಿಗೆ ಮೊದಲೇ ಗೊತ್ತಿತ್ತು. ಶಿವಮೊಗ್ಗದಿಂದ ಭದ್ರಾವತಿಯವರೆಗೆ ಮುಕ್ಕಾಲು ಗಂಟೆ ಭುಜಕ್ಕೆ ಭುಜ ತಾಗಿಸಿಕೊಂಡು ಬಸ್ಸಿನಲ್ಲಿ ಕೂತು, ಅವನ ಅಂಗೈಯಿಂದ ಕಡಲೆಕಾಯಿ ಎತ್ತಿಕೊಂಡು ತಿನ್ನುತ್ತ ಬಂದವಳು, ಇದೊಂದನ್ನು ಹೇಳಿರಲಿಲ್ಲ.

ಗೇಟಿನಲ್ಲಿ ಕಿವುಡರ ಸಂಘದ ರೂಪೇಶ್ ಕೊಟ್ಟ ಕಾರ್ಡನ್ನು ಓದದೆ ಕೊರಳಿಗೆ ಹಾಕಿಕೊಂಡಿದ್ದ. ಈಗ ತಿರುಗಿಸಿ ನೋಡಿದರೆ ‘ಪೋಷಕರು’ ಎಂದಿತ್ತು. ಎಂಟು ತಿಂಗಳಿಂದ ಇದೇ ನೀಲಿ ದಾರಕ್ಕೆ ‘ಸಹ ವಿನ್ಯಾಸಕಾರ’ ಎಂಬ ಕಾರ್ಡು ಇರುತ್ತಿತ್ತು. ಆ ಪದ ಪೂರ್ತಿ ಅರ್ಥವಾಗದಿದ್ದರೂ ಅದನ್ನವನು ಶಿವಮೊಗ್ಗದ ಹೊಸಮನೆ ಬಡಾವಣೆಯ ತನ್ನ ಬೈಕ್ ಗ್ಯಾರೇಜಿನಲ್ಲಿ, ಗಾಳಿ ಹೊಡೆಯುವ ಯಂತ್ರದ ಮೇಲಿನ ಮೊಳೆಗೆ ತೂಗುಹಾಕಿದ್ದ, ಗಿರಾಕಿಗಳ ಕಣ್ಣಿಗೆ ಬೀಳಲಿ ಎಂದು. ಬಿದ್ದಿತ್ತು ಕೂಡ. “ಏನ್ ಮಾರಾಯ, ಮೆಕ್ಯಾನಿಕ್ ಕೆಲಸ ಬಿಟ್ಟು ಮನೆ ಪ್ಲಾನ್ ಹಾಕ್ತೀಯೇನು?” ಎಂದು ಯಾರೋ ನಕ್ಕಾಗ, “ಮನೆ ಅಲ್ಲ, ಮನಸ್ಸಿಂದು” ಎಂದು ಹೇಳಿ, ಹೇಳಿದ್ದಕ್ಕೆ ತಾನೇ ನಾಚಿಕೊಂಡು ಸ್ಪ್ಯಾನರ್ ಹುಡುಕಿದ್ದ.

ಬೆಳಿಗ್ಗೆ ಸೋಪಿನ ಪುಡಿಗೆ ಸಕ್ಕರೆ ಬೆರೆಸಿ ಮೂರು ಸಲ ಕೈ ತಿಕ್ಕಿ ತೊಳೆದಿದ್ದ. ಉಗುರಿನ ಸಂದಿಯ ಕಪ್ಪು ಮಾತ್ರ ಹೋಗಿರಲಿಲ್ಲ. ಇನ್ನೂ ತಿಕ್ಕು ಎಂದಿದ್ದವು ಸಫೂರಾಳ ಕೈಗಳು. ಅಲ್ಲಿ ಎಲ್ಲರೂ ನೋಡುವುದು ನಿನ್ನ ಮುಖವನ್ನಲ್ಲ, ಕೈಯನ್ನು. ಅದು ನಿಜ. ಅವನ ಬಲಗೈಯ ಉಂಗುರದ ಬೆರಳು ಅರ್ಧಕ್ಕೇ ಮುಗಿಯುತ್ತದೆ. ಇಪ್ಪತ್ತೆರಡರ ವಯಸ್ಸಿನಲ್ಲಿ, ಸ್ಟ್ಯಾಂಡಿನ ಮೇಲೆ ಓಡುತ್ತಿದ್ದ ಬೈಕಿನ ಚೈನು ಒರೆಸಲು ಹೋದಾಗ ಹಲ್ಲುಚಕ್ರ ಅದನ್ನು ತಿಂದಿತ್ತು. ಅವನು ಸನ್ನೆಯಲ್ಲಿ ಮಾತಾಡಿದರೆ ಕೈ ತೊದಲುತ್ತದೆ ಎಂದು ರೂಪೇಶ್ ಛೇಡಿಸುತ್ತಾನೆ. ಇಲ್ಲಿನ ಕಿವುಡರೆಲ್ಲ ಅವನಿಗಿಟ್ಟ ಹೆಸರೂ ಅದೇ: ಒಂದು ಕೈಯ ಉಂಗುರದ ಬೆರಳನ್ನು ಇನ್ನೊಂದು ಕೈಯಿಂದ ಅರ್ಧಕ್ಕೆ ಹಿಡಿದು ತೋರಿಸಿದರೆ ಫಯಾಜ್. ಮೊದಮೊದಲು ಅವಮಾನವೆನಿಸಿ, ಆಮೇಲಾಮೇಲೆ ಅದೊಂದು ಬಿರುದಿನಂತೆ ರೂಢಿಯಾಗಿತ್ತು. ಕಿವಿ ಕೇಳುವವರಲ್ಲಿ ಎಷ್ಟು ಜನಕ್ಕೆ ಅವರು ಹೆಸರಿಟ್ಟಿದ್ದಾರೆ? ಸಫೂರಾ ಆರು ವರ್ಷದವಳಾಗುವವರೆಗೆ, ಸನ್ನೆ ಕಲಿಸಿದರೆ ಮಾತು ಬರುವುದಿಲ್ಲ ಎಂದು ಯಾರೋ ಹೇಳಿದ್ದನ್ನು ನಂಬಿ ಅವಳ ಕೈಗಳನ್ನು ಮಡಿಲಲ್ಲಿ ಒತ್ತಿ ಹಿಡಿದು ‘ಅ’ ಹೇಳಿಸಿದ್ದವನು ಇವನೇ. ಏಳನೆಯ ವರ್ಷ ಕಿವುಡ ಮಕ್ಕಳ ಶಾಲೆಯ ಗೇಟಿನ ಬಳಿ, ಬಿಡುಗಡೆಯಾದ ಹಾಗೆ ಹಾರಾಡುತ್ತಿದ್ದ ಆ ಮಕ್ಕಳ ಕೈಗಳನ್ನು ಕಂಡು, ಮಾರನೆಯ ದಿನದಿಂದ ಗ್ಯಾರೇಜಿಗೆ ಒಂದು ಗಂಟೆ ಬೀಗ ಹಾಕಿ ಅವರ ನಡುವೆ ಕೂತು ಕಲಿತವನು. ಹೆಂಡತಿಗೆ ಊಟ, ನೀರು, ಬಾ, ಹೋಗು ಬಿಟ್ಟರೆ ಹೆಚ್ಚು ಬರುತ್ತಿರಲಿಲ್ಲ. ಮಗಳ ಮಾತು ಲೋಕಕ್ಕೆ, ಲೋಕದ ಮಾತು ಮಗಳಿಗೆ ಇವನ ಒಂಬತ್ತೂವರೆ ಬೆರಳುಗಳ ಮೂಲಕವೇ ದಾಟಬೇಕಿತ್ತು.

“ನೀವೇ ಸೇತುವೆ ಸಾರ್” ಎಂದಿದ್ದಳು ವಾಣಿ ಮೇಡಂ, ಸ್ಕೂಟಿ ರಿಪೇರಿಯ ನೆಪ ಮಾಡಿಕೊಂಡು ಗ್ಯಾರೇಜಿಗೆ ಮೊದಲ ಸಲ ಬಂದಾಗ. ಬೆಂಗಳೂರಿನ ಯಾವುದೋ ಸಂಶೋಧನೆಗಾಗಿ ಶಿವಮೊಗ್ಗದ ರವೀಂದ್ರನಗರದಲ್ಲಿ ರೂಮು ಮಾಡಿಕೊಂಡಿದ್ದ, ಮೂವತ್ತು ದಾಟದ ಹುಡುಗಿ. ಮನಸ್ಸಿಗೆ ಹುಷಾರಿಲ್ಲವೆಂದು ಆಸ್ಪತ್ರೆಗೆ ಹೋದರೆ ಒಂದು ಕಾಗದ ಕೊಡುತ್ತಾರಂತೆ: ಕಳೆದ ಎರಡು ವಾರದಲ್ಲಿ ನಿಮಗೆ ಹೀಗನ್ನಿಸಿದೆಯೇ, ಹಾಗನ್ನಿಸಿದೆಯೇ. ಸನ್ನೆಯನ್ನೇ ಮಾತೃಭಾಷೆ ಮಾಡಿಕೊಂಡವರಿಗೆ ಆ ಕಾಗದದ ಕನ್ನಡ ಕಗ್ಗಂಟು. ಅದನ್ನು ಟ್ಯಾಬಿನಲ್ಲಿ ಕೇಳುವ ಹಾಗೆ ಮಾಡಬೇಕು. ಪ್ರಶ್ನೆ ವೀಡಿಯೊದಲ್ಲಿ ಸನ್ನೆಯಾಗಿ ಬರಬೇಕು, ಉತ್ತರ ಮುಟ್ಟಿ ಹೇಳುವ ಹಾಗಿರಬೇಕು, ನಡುವೆ ಯಾರೂ ಇರಬಾರದು. ನಡುವೆ ಯಾರೂ ಇರಬಾರದು ಎಂದು ಅವಳು ಅವತ್ತೇ ಹೇಳಿದ್ದಳು. ಸೇತುವೆ ಎಂಬ ಪದದ ಸಡಗರದಲ್ಲಿ ಅವನಿಗೆ ಅದು ಕೇಳಿಸಿರಲಿಲ್ಲ.

ತಿಂಗಳ ಎರಡನೇ ಭಾನುವಾರಗಳಂದು ಭದ್ರಾವತಿಯ ಇದೇ ನ್ಯೂ ಟೌನಿನ ಹಳೆಯ ಕ್ವಾರ್ಟರ್ಸಿನಲ್ಲಿ, ಕಿವುಡರ ಸಂಘದವರು ಬಾಡಿಗೆಗೆ ಹಿಡಿದ ಹಾಲಿನಲ್ಲಿ, ಇಪ್ಪತ್ತು ಜನ ಸುತ್ತ ಕೂತು ಪ್ರಶ್ನೆಗಳನ್ನು ಒಂದೊಂದಾಗಿ ಅರೆದರು. ಉತ್ತರಕ್ಕೆ ನಗುವ ಮುಖ, ಅಳುವ ಮುಖ ಇಟ್ಟರೆ ಸಾಕಲ್ಲ ಎಂದಳು ವಾಣಿ. ರೂಪೇಶ್ ನಗುಮುಖವನ್ನು ದಿಟ್ಟಿಸಿ ನೋಡಿ, ಇದು ನಮ್ಮ ನಗುವಲ್ಲ, ಕಿವುಡರನ್ನು ಕಂಡಾಗ ಕೇಳುವವರು ನಗುವ ನಗು ಎಂದ. ಹಾಲೆಲ್ಲ ಕೈ ಬೀಸಿ ನಕ್ಕಿತು. ಒಂದರಿಂದ ಐದರವರೆಗೆ ಅಂಕಿ ಇಟ್ಟರು. ಎಲ್ಲರೂ ಐದನ್ನೇ ಒತ್ತಿದರು. ಐದು ಬಂದರೆ ಫಸ್ಟ್ ಕ್ಲಾಸು. ಆಗ ಮೂಲೆಯಲ್ಲಿದ್ದ ಫಯಾಜ್ ಎದ್ದು, ಬೈಕಿನ ಪೆಟ್ರೋಲ್ ಮೀಟರನ್ನು ಗಾಳಿಯಲ್ಲಿ ಬರೆದು ತೋರಿಸಿದ. ಈ ಕಡೆ ಖಾಲಿ, ಆ ಕಡೆ ಫುಲ್ಲು, ನಡುವೆ ಐದು ಗೀಟು, ತೋರುಬೆರಳೇ ಮುಳ್ಳು. ನಿನ್ನೊಳಗೆ ಕೋಪ ಎಷ್ಟು ತುಂಬಿದೆ? ಮುಳ್ಳು ತಿರುಗಿಸು. ಒಂದೇ ಸಲಕ್ಕೆ ಇಪ್ಪತ್ತು ತೋರುಬೆರಳುಗಳು ಮೇಲೆದ್ದು ವಾಲಿದವು. ಸಫೂರಾ ಹೆಮ್ಮೆಯಿಂದ ಅವನತ್ತ ನೋಡಿದ್ದಳು. ಆ ನೋಟ ಈಗ ವರಾಂಡದಲ್ಲಿ ನೆನಪಾಯಿತು. ಅವರ ಮೀಟರು ನನ್ನದು. ನನಗೆ ಹೊರಗೆ ಕುರ್ಚಿ.

“ಏನ್ ಸಾಬ್ರೆ, ನಿಮ್ಗೂ ಇವತ್ತು ಹೊರಗಡೆನೇ ಸೀಟಾ?”

ಈಶ್ವರಮ್ಮ. ಒಳಗಿದ್ದ ಸುನಿಲನ ತಾಯಿ. ಮೆಟ್ಟಿಲ ಮೇಲೆ ಕೂತು ಮಡಿಲಿನ ಚೀಲದಿಂದ ಅಲಸಂದೆಕಾಯಿ ತೆಗೆದು ಬಿಡಿಸುತ್ತಿದ್ದಳು.

“ಕೊನೇ ಪರೀಕ್ಷೆ ಅಲ್ವಾ, ಅದಕ್ಕೆ” ಎಂದ.

“ನಂಗೇನೋ ಇದೇ ಆರಾಮ ಕಣ್ರಿ. ಒಳಗಡೆ ನಂಗೇನ್ ತಿಳೀತದೆ? ಮನೇಲಿ ನಾನ್ ಬೈಯೋಕೆ ಶುರು ಮಾಡಿದ್ರೆ ಸಾಕು, ನನ್ ಮಗ ಕಣ್ಣು ಮುಚ್ಕೊಂಬಿಡ್ತಾನೆ. ಅಲ್ಲಿಗೆ ಮೂಗಿ ಯಾರು ಹೇಳಿ? ನಾನೇ!” ಅವಳು ತನ್ನ ಮಾತಿಗೆ ತಾನೇ ನಕ್ಕಳು. “ನಿಮ್ ವಿಷ್ಯ ಬೇರೆ. ನಿಮ್ ಮಗಳು ನಿಮ್ಮನ್ನ ಬಿಟ್ಟು ಒಂದ್ ಹೆಜ್ಜೆ ಇಡೋಳಲ್ಲ.”

ಅವನು ಬಗ್ಗಿ, ಉರುಳಿಹೋಗಿದ್ದ ಎರಡು ಕಾಳುಗಳನ್ನು ಎತ್ತಿ ಅವಳ ಚೀಲಕ್ಕೆ ಹಾಕಿದ.

ಅರ್ಧ ಗಂಟೆಯ ಮೇಲೆ ವಾಣಿ ಹೊರಬಂದಳು. ಕೈಯಲ್ಲಿ ಒಂದು ಹಾಳೆಯಿತ್ತು. ಪಕ್ಕದ ಕುರ್ಚಿ ಎಳೆದುಕೊಂಡು ಕೂತ ರೀತಿಯಲ್ಲೇ, ರಿಪೇರಿಯಾಗದ ಗಾಡಿಯ ಬಗ್ಗೆ ಗಿರಾಕಿಗೆ ಹೇಳುವ ಮೊದಲು ತಾನೂ ಹೀಗೇ ಕೂರುತ್ತೇನಲ್ಲ ಎಂದು ಅವನಿಗನ್ನಿಸಿತು.

“ಸಾರ್, ಬೇಜಾರ್ ಮಾಡ್ಕೋಬಾರ್ದು. ಮೂರು ತಿಂಗಳ ಹಿಂದೆ ಟ್ಯಾಬ್ ಇಲ್ದೆ ಒಂದ್ಸಲ ಕೇಳಿದ್ವಲ್ಲ, ನಾನು ಕೇಳೋದು, ನೀವು ಸನ್ನೆ ಮಾಡೋದು, ಅವಳು ಹೇಳಿದ್ದನ್ನ ನೀವು ನಂಗೆ ಹೇಳೋದು? ಅದು ಈ ಎಡಗಡೆ. ಅದೇ ವಾರ ಅವಳೊಬ್ಬಳೇ ಟ್ಯಾಬಲ್ಲಿ ಕೊಟ್ಟ ಉತ್ತರ ಈ ಬಲಗಡೆ.”

ಎರಡು ಸಾಲು ಮೀಟರುಗಳು. ಅಕ್ಷರ ಓದಬೇಕಾಗಿರಲಿಲ್ಲ. ಬಲಗಡೆಯ ಮುಳ್ಳು ಎಲ್ಲೆಲ್ಲಿ ನಿಂತಿತ್ತೋ, ಎಡಗಡೆಯ ಮುಳ್ಳು ಅಲ್ಲಿಂದ ಒಂದು ಗೀಟು ಹಿಂದೆ ನಿಂತಿತ್ತು. ಕೋಪ, ಒಂದು ಗೀಟು. ಭಯ, ಒಂದು ಗೀಟು. ಒಂದು ಪ್ರಶ್ನೆಯಲ್ಲಿ ಎರಡು.

“ನಾನ್ ಸುಳ್ಳು ಹೇಳಿಲ್ಲ ಮೇಡಂ.”

“ಸುಳ್ಳು ಅಂತ ಯಾರೂ ಹೇಳ್ತಿಲ್ಲ. ಬೇರೆ ಅಪ್ಪ ಅಮ್ಮಂದಿರದ್ದೂ ಹೀಗೇ ಬಂದಿದೆ. ಆದ್ರೆ ಇದು...” ಅವಳ ಬೆರಳು ಎರಡು ಗೀಟಿನ ವ್ಯತ್ಯಾಸವಿದ್ದ ಕಡೆ ನಿಂತಿತು. “ಆರನೇದು. ಬೆಳಿಗ್ಗೆ ಏಳೋದೇ ಬೇಡ ಅನ್ಸತ್ತಾ ಅನ್ನೋದು. ನೀವು ಅವತ್ತು ಏನ್ ಹೇಳಿದ್ರಿ, ನೆನಪಿದೆಯಾ?”

ನೆನಪಿತ್ತು. ಸಫೂರಾ ಎರಡೂ ಕೈಗಳನ್ನು ಎದೆಯ ಮೇಲೆ ಕಲ್ಲಿಟ್ಟಂತೆ ಇಟ್ಟು, ಕಣ್ಣು ಮುಚ್ಚಿ, ತಲೆಯನ್ನು ನಿಧಾನಕ್ಕೆ ಅಲ್ಲಾಡಿಸಿದ್ದಳು. ಅದನ್ನು ನೋಡಿ ಹುಟ್ಟಿದ ಭಯವನ್ನು ಮುಚ್ಚಿಕೊಳ್ಳುವ ಅವಸರದಲ್ಲಿ, “ಏಳೋಕೆ ಸೋಮಾರಿತನ ಅಂತಾಳೆ ಮೇಡಂ, ಅವರಮ್ಮನ ಥರ” ಎಂದು ನಕ್ಕಿದ್ದ. ವಾಣಿಯೂ ನಕ್ಕಿದ್ದಳು. ಇಬ್ಬರೂ ತನ್ನ ಮಾತಿಗೆ ನಗುವುದನ್ನು ಸಫೂರಾ ಕಣ್ಣು ತೆರೆದು ನೋಡಿದ್ದಳು. ಯಾಕೆ ನಗು ಎಂದು ಕೇಳಿದ್ದಳು. ಅವನು ಅಂಗೈಯನ್ನು ಎದೆಮಟ್ಟಕ್ಕೆತ್ತಿ, ನೊಣ ಓಡಿಸುವ ಹಾಗೆ ಎರಡು ಸಲ ಆಡಿಸಿದ್ದ. ಏನಿಲ್ಲ.

“ಅವಳನ್ನ ಡಾಕ್ಟರಿಗೆ ತೋರಿಸ್ತಿದೀವಿ. ಈಗ ಪರವಾಗಿಲ್ಲ, ಗಾಬರಿ ಬೇಡ. ಟ್ಯಾಬ್ ನೋಡಿದ ಮೇಲೇ ನಂಗೆ ಗೊತ್ತಾಗಿದ್ದು.” ವಾಣಿ ತಡೆದು ಹೇಳಿದಳು. “ನಿಮಗೆ ತಾನೇ ಹೇಳ್ತೀನಿ ಅಂದಿದ್ಲು. ಹೇಳಿಲ್ಲ ಅಂತ ಇವತ್ತು ಗೊತ್ತಾಯ್ತು. ಹೋಲಿಸಿ ನೋಡಿ ಅಂದಿದ್ದೂ ಅವಳೇ.” ಅವಳು ಫೋನು ತೆಗೆದು ತೋರಿಸಿದಳು. ಮಗಳ ಕನ್ನಡ, ಅವನು ಸಾವಿರ ಸಲ ತಿದ್ದಿದ್ದ ಕನ್ನಡ: ಅಬ್ಬಾ ಒಳಗೆ ಬೇಡ. ಅಬ್ಬಾ ಒಳ್ಳೆ ಮನುಷ್ಯ. ಒಳಗೆ ಬೇಡ.

ವಾಣಿ ಒಳಗೆ ಹೋದ ಮೇಲೂ ಆ ಮೂರು ಸಾಲು ಕಣ್ಣ ಮುಂದಿನಿಂದ ಹೋಗಲಿಲ್ಲ. ನಡುವಿನ ಸಾಲು ಇಲ್ಲದಿದ್ದರೆ ತಡೆದುಕೊಳ್ಳಬಹುದಿತ್ತು. ಮಗಳು ಡಾಕ್ಟರ ಬಳಿ ಹೋಗಿದ್ದಾಳೆ. ಮನೆಯಲ್ಲಿ ರೊಟ್ಟಿ ತಟ್ಟಿದ್ದಾಳೆ, ತಮ್ಮನೊಂದಿಗೆ ಜಗಳವಾಡಿದ್ದಾಳೆ, ಬಸ್ಸಿನಲ್ಲಿ ಕಡಲೆಕಾಯಿ ತಿಂದಿದ್ದಾಳೆ. ಒಂದು ಮಾತು ಹೇಳಿಲ್ಲ. ಊರಿಗೆಲ್ಲ ಗೊತ್ತು, ಅಬ್ಬಾನಿಗೆ ಮಾತ್ರ ಗೊತ್ತಿಲ್ಲ. ಎಲ್ಲರೂ ಮಾತಾಡಿಕೊಳ್ಳುತ್ತಿರುವ ಕೋಣೆಯ ಹೊರಗೆ ಕೂತು, ತುಟಿ ಅಲ್ಲಾಡುವುದು ಕಂಡರೂ ಏನೆಂದು ತಿಳಿಯದೆ, ಆಮೇಲೆ ಯಾರಾದರೂ ಹೇಳಿಯಾರು ಎಂದು ಕಾಯುವುದು ಹೀಗಿರುತ್ತದೆಯೇ? ಆ ಯೋಚನೆಯನ್ನು ಅಲ್ಲಿಗೇ ನಿಲ್ಲಿಸಿದ. ಅದು ಬೇರೆ ಎಲ್ಲಿಗೋ ಕರೆದೊಯ್ಯುತ್ತಿತ್ತು. ಹೋದ ತಿಂಗಳ ಭಾನುವಾರ ನೆನಪಾಯಿತು. ಅವತ್ತು ಹದಿನಾಲ್ಕನೆಯ ಪ್ರಶ್ನೆಗೆ, ನಂಬಿದವರು ಮೋಸ ಮಾಡಿದರು ಅನ್ನಿಸುತ್ತದೆಯೇ ಎಂಬುದಕ್ಕೆ, ಸನ್ನೆ ಸಿಗದೆ ಎಲ್ಲರೂ ಒದ್ದಾಡುತ್ತಿದ್ದರು. ಮೋಸಕ್ಕೆ ಇರುವ ಸನ್ನೆ ತೂಕದಲ್ಲಿ ಮೋಸ ಮಾಡುವ ಅಂಗಡಿಯವನಿಗೆ ಸರಿ, ಮನೆಯವರಿಗೆ ಆಗುವುದಿಲ್ಲ ಎಂದು ಸುನಿಲ್ ಹಟ ಹಿಡಿದಿದ್ದ. ಅಷ್ಟರಲ್ಲಿ ಯಾರದೋ ಗಾಡಿ ಸ್ಟಾರ್ಟ್ ಆಗುತ್ತಿಲ್ಲವೆಂದು ಫಯಾಜ್ ಹೊರಗೆ ಹೋಗಿದ್ದ. ಬಂದಾಗ ಸನ್ನೆ ತೀರ್ಮಾನವಾಗಿತ್ತು. ಅವನು ಒಳಗೆ ಕಾಲಿಟ್ಟೊಡನೆ ಇಪ್ಪತ್ತು ಜನರ ಕೈಗಳು ಒಟ್ಟಿಗೆ ಮಡಿಲಿಗೆ ಇಳಿದಿದ್ದವು. ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದ್ದ: ಹದಿನಾಲ್ಕಕ್ಕೆ ಯಾವ ಸನ್ನೆ ಇಟ್ಟಿರಿ? ಸಫೂರಾ ಕಿಟಕಿಯಿಂದ ಮುಖ ತಿರುಗಿಸದೆ ಅಂಗೈ ಎತ್ತಿ ಎರಡು ಸಲ ಆಡಿಸಿದ್ದಳು. ಏನಿಲ್ಲ. ಅವನಿಗೆ ಸಿಟ್ಟು ಬಂದಿತ್ತು. ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡಲು ಇವಳಿಗೇನು ಕಷ್ಟ?

ಬಸ್ಸು. ಎಲ್ಲವೂ ಆ ಬಸ್ಸಿಗೇ ಹೋಗಿ ನಿಲ್ಲುತ್ತದೆ. ಎರಡು ವರ್ಷದ ಹಿಂದೆ, ಗ್ಯಾರೇಜಿನ ಬಾಗಿಲಲ್ಲಿ ಸಫೂರಾ ಹೊಸ ದುಪಟ್ಟಾ ಹೊದ್ದು ಹೊರಟು ನಿಂತಿದ್ದಾಗ ಭದ್ರಾವತಿಯಿಂದ ಅಣ್ಣನ ಫೋನು ಬಂದಿತ್ತು: ಅಮ್ಮ ಹೋದಳು, ಸಂಜೆಯ ಅಸರ್ ನಮಾಜು ಮುಗಿದ ಮೇಲೆ ಮಣ್ಣು, ಬೇಗ ಬಾ. ಈ ವರಾಂಡದಿಂದ ಮೂರು ಬೀದಿಯಾಚೆ, ಫಯಾಜನ ತಂದೆ ಪೀರ್ ಬಾಷಾ ಕಾರ್ಖಾನೆಯಲ್ಲಿ ಲೇತ್ ಕೆಲಸ ಮಾಡಿ ನಿವೃತ್ತನಾದ ಮೇಲೆ ಅವರು ಉಳಿದುಕೊಂಡಿದ್ದ ಮನೆಯಲ್ಲಿ, ಅವನ ತಾಯಿ ಅಖ್ತರ್ ಬೀ ಹದಿನೈದು ದಿನದಿಂದ ಮಲಗಿದ್ದಳು. ಸಫೂರಾ ಹೊರಟಿದ್ದೂ ಅಲ್ಲಿಗೇ, ಅಜ್ಜಿಯ, ತನ್ನ ದಾದಿಯ, ಕನ್ನಡಕ ಕೊಡಲು. ಒಡೆದಿದ್ದ ಗಾಜನ್ನು ಗಾಂಧಿಬಜಾರಿನಲ್ಲಿ ಹಾಕಿಸಿಕೊಂಡು ಬಂದಿದ್ದಳು. ಫೋನು ಇಟ್ಟ ಅಪ್ಪನ ಮುಖ ನೋಡಿ ಹುಬ್ಬೇರಿಸಿದಳು: ಏನಾಯ್ತು? ಅವನ ಕೈ ತಾನಾಗಿ ಎದ್ದಿತು. ಏನಿಲ್ಲ.

ಮುಕ್ಕಾಲು ಗಂಟೆ. ಪಕ್ಕದಲ್ಲಿ ಅವಳು ದುಪಟ್ಟಾದ ಅಂಚಿನಿಂದ ಆ ಕನ್ನಡಕವನ್ನು ಉಜ್ಜುತ್ತಿದ್ದಳು. ಉಜ್ಜಿ, ಬೆಳಕಿಗೆ ಹಿಡಿದು, ಮತ್ತೆ ಉಜ್ಜಿ. ಇದಿಲ್ಲದಿದ್ದರೆ ದಾದಿ ಕಿವುಡಿ ಎಂದು ನಗೆಯಾಡಿದಳು. ನನ್ನ ಕೈ ಅವಳಿಗೆ ಕಾಣುವುದೇ ಇಲ್ಲ, ಪಾಪ, ಹದಿನೈದು ದಿನದಿಂದ ನಾನು ಹೇಳಿದ್ದಕ್ಕೆಲ್ಲ ಹೂಂ ಹೂಂ ಅಂತಾಳೆ. ಅವನು ನಕ್ಕ. ಹೌದು, ನಕ್ಕ. ಇಳಿದ ಮೇಲೆ ಹೇಳೋಣ ಎಂದುಕೊಂಡ. ಇಳಿದ ಮೇಲೆ ಬೀದಿ ತಿರುವಿನಲ್ಲಿ ಎಂದುಕೊಂಡ. ಮಗಳ ಎದೆ ಒಡೆದೀತು ಎಂದು ಹೇಳಲಿಲ್ಲ ಎಂಬುದು ಅವನು ಎಲ್ಲರಿಗೂ ಕೊಟ್ಟ ಕಾರಣ, ಹೆಂಡತಿಗೂ ಕೊಟ್ಟ ಕಾರಣ. ಇವತ್ತು ಈ ಕುರ್ಚಿಯ ಮೇಲೆ, ಆ ಕಾರಣದ ತಳದಲ್ಲಿ ಬೇರೊಂದು ಕಂಡಿತು. ಹೇಳಿದ್ದರೆ ಅವಳು ಅಲ್ಲೇ ಕೂಗುತ್ತಿದ್ದಳು. ತನ್ನ ಕೂಗು ತನಗೇ ಕೇಳಿಸದವಳ ಕೂಗು, ಅಳತೆಯಿಲ್ಲದ್ದು, ಪ್ರಾಣಿಯದ್ದೋ ಮನುಷ್ಯರದ್ದೋ ಎಂದು ಜನ ತಿರುಗಿ ನೋಡುವಂಥದ್ದು. ಆ ಬಸ್ಸು ತಿರುಗಿ ನೋಡುವುದು ಅವನಿಗೆ ಬೇಡವಾಗಿತ್ತು. ಅವಳ ದುಃಖವನ್ನಲ್ಲ, ತನ್ನ ಮಾನವನ್ನು ಅವನು ಭದ್ರಾವತಿಯವರೆಗೆ ಜೋಪಾನವಾಗಿ ತಂದಿದ್ದ. ಬೀದಿಯ ತಿರುವಿನಲ್ಲೂ ಹೇಳಲಿಲ್ಲ. ಮನೆಯ ಮುಂದೆ ನೂರು ಜೊತೆ ಚಪ್ಪಲಿಗಳಿದ್ದವು. ಸಫೂರಾ ಚಪ್ಪಲಿಗಳನ್ನು ನೋಡಿದಳು. ಮನೆಯನ್ನು ನೋಡಲಿಲ್ಲ, ತಿರುಗಿ ಅವನನ್ನು ನೋಡಿದಳು. ಕೂಗಲಿಲ್ಲ. ಕನ್ನಡಕ ಹಿಡಿದಿದ್ದ ಕೈಯನ್ನೇ ಎದೆಮಟ್ಟಕ್ಕೆತ್ತಿ ಎರಡು ಸಲ ಆಡಿಸಿದಳು. ಏನಿಲ್ಲ? ಆ ಕೈಯ ಉಂಗುರದ ಬೆರಳು ಮಡಚಿತ್ತು. ಕನ್ನಡಕದ ಕಡ್ಡಿ ಹಿಡಿದದ್ದಕ್ಕೆ ಮಡಚಿದೆ ಎಂದುಕೊಂಡಿದ್ದ.

ಭುಜ ತಟ್ಟಿದಂತಾಗಿ ತಲೆಯೆತ್ತಿದ. ರೂಪೇಶ್ ಒಂದು ಟ್ಯಾಬು ಚಾಚಿ ನಿಂತಿದ್ದ. ಹೊರಗೆ ಕಾದು ಬೇಜಾರಾಗಿದ್ದರೆ ನೀವೂ ಮಾಡಿ ನೋಡಿ ಎಂದವು ಅವನ ಕೈಗಳು, ತೊದಲುವವರಿಗೂ ನಡೆಯುತ್ತದೆ. ಎಂದಿನ ಕೀಟಲೆ. ಆದರೆ ಅವನು ಫಯಾಜನ ಕಣ್ಣು ತಪ್ಪಿಸಿ ಒಳಗೆ ಹೋದ.

ಸ್ಕ್ರೀನಿನಲ್ಲಿ ಪ್ರಶ್ನೆ ಕೇಳಲು ಸಫೂರಾ ಬಂದಳು. ಬೂದು ಗೋಡೆಯ ಮುಂದೆ, ಕೂದಲು ಹಿಂದಕ್ಕೆ ಕಟ್ಟಿ, ನೆಟ್ಟಗೆ ಅವನನ್ನೇ ನೋಡುತ್ತ. ಒಂದನೆಯದು, ಎರಡನೆಯದು. ನಿದ್ದೆ, ಊಟ, ಕೋಪ. ಬೇಗಬೇಗ ಮುಳ್ಳು ತಿರುಗಿಸುತ್ತ ಹೋದ. ಆರನೆಯದರಲ್ಲಿ ಅವಳು ಎದೆಯ ಮೇಲೆ ಕಲ್ಲಿಟ್ಟಾಗ ಕಣ್ಣು ಬೇರೆ ಕಡೆ ಮಾಡಿದ. ಹದಿನಾಲ್ಕು ಬಂತು. ಸಫೂರಾ ನಂಬಿಕೆಯ ಸನ್ನೆ ಮಾಡಿದಳು, ಎರಡು ಮುಷ್ಟಿ ಒಂದು ಹಗ್ಗವನ್ನು ಹಿಡಿದಂತೆ. ಆಮೇಲೆ ಬಲಗೈಯನ್ನು ಎದೆಮಟ್ಟಕ್ಕೆತ್ತಿ, ತಲೆಯನ್ನು ತುಸು ಓರೆ ಮಾಡಿ, ತುಟಿ ಬಿಗಿದು, ಅಂಗೈಯನ್ನು ಎರಡು ಸಲ ಆಡಿಸಿದಳು. ಉಂಗುರದ ಬೆರಳು ಮಡಚಿತ್ತು. ಕೈಯಲ್ಲಿ ಕನ್ನಡಕವಿರಲಿಲ್ಲ.

ಮತ್ತೊಮ್ಮೆ ನೋಡಿದ. ಇನ್ನೊಮ್ಮೆ. ಉಂಗುರದ ಬೆರಳೊಂದನ್ನೇ ಮಡಚುವುದು ಸುಲಭವಲ್ಲ, ಕಿರುಬೆರಳೂ ಜೊತೆಗೆ ಬಾಗುತ್ತದೆ. ಬೇಕೆಂದೇ ಮಡಚಬೇಕು, ಕೂತು ಕಲಿಯಬೇಕು. ತಲೆಯ ಓರೆಯೂ ಅವನದೇ. ಕಿಟಕಿಯಿಂದ ಒಳಗೆ ನೋಡಿದ. ಸುನಿಲ್ ಹೊಸದಾಗಿ ಬಂದಿದ್ದ ಒಬ್ಬ ಮುದುಕನಿಗೆ ಅದನ್ನೇ ಹೇಳಿಕೊಡುತ್ತಿದ್ದ. ಮುದುಕನ ಕಿರುಬೆರಳು ಮಾತು ಕೇಳುತ್ತಿರಲಿಲ್ಲ; ಸುತ್ತಲಿದ್ದವರೆಲ್ಲ ಹೀಗೆ, ಹೀಗೆ ಎಂದು ಎತ್ತಿ ತೋರಿಸಿದರು. ಹಾಲಿನ ತುಂಬ ತನ್ನ ಕೈಗಳು. ಹೋದ ತಿಂಗಳು ಬಸ್ಸಿನಲ್ಲಿ ಸಫೂರಾ ಉತ್ತರ ತಪ್ಪಿಸಿರಲಿಲ್ಲ. ಯಾವ ಸನ್ನೆ ಎಂದು ಅವನು ಕೇಳಿದ್ದ; ಅವಳು ಆ ಸನ್ನೆಯನ್ನೇ ಮಾಡಿ ತೋರಿಸಿದ್ದಳು. ಸಂಜೆಗತ್ತಲಲ್ಲಿ ಅವನು ಬೆರಳು ನೋಡಿರಲಿಲ್ಲ.

ಟ್ಯಾಬು ಕಾಯುತ್ತಿತ್ತು. ಖಾಲಿಯಲ್ಲಿ ಮುಳ್ಳು, ಎದುರಿಗೆ ಐದು ಗೀಟು. ನಂಬಿದವರು ಹೀಗೆ ಮಾಡಿದರೇ, ಎಷ್ಟು? ಅಬ್ಬಾ ಒಳಗೆ ಬೇಡ ಎಂದವಳು ತನಗೆ ಮಾಡಿದ್ದನ್ನು ಅಳೆಯಬೇಕೋ, ಕನ್ನಡಕ ಉಜ್ಜಿದವಳಿಗೆ ತಾನು ಮಾಡಿದ್ದನ್ನೋ ತಿಳಿಯದೆ ಅವನು ಕೂತ.

“ಸಾಬ್ರೆ, ನಿಮ್ ಮಗಳು ಬಂದ್ಲು ನೋಡಿ” ಎಂದಳು ಈಶ್ವರಮ್ಮ.

ಸಫೂರಾ ಎದುರಿಗೆ ನಿಂತಿದ್ದಳು. ಅವನ ಮಡಿಲಿನ ಟ್ಯಾಬನ್ನು ನೋಡಿದಳು, ಅದರಲ್ಲಿ ನಿಂತುಹೋಗಿದ್ದ ತನ್ನನ್ನು ನೋಡಿದಳು, ಅವನ ಮುಖ ನೋಡಿದಳು. ಹುಬ್ಬೇರಿಸಿದಳು: ಏನಾಯ್ತು?

ಇಷ್ಟು ವರ್ಷದ ಅಭ್ಯಾಸ. ಅವನ ಕೈ ತಾನಾಗಿ ಎದ್ದು ಎದೆಮಟ್ಟಕ್ಕೆ ಬಂದು, ಅಲ್ಲಿ ಅದನ್ನು ಅವನೇ ಕಂಡು, ನಿಂತಿತು. ಉಗುರಿನಲ್ಲಿ ಕಪ್ಪು, ಅರ್ಧ ಬೆರಳು. ಇಳಿಸಿದರೆ ಏನೂ ಹೇಳದಂತಾಗುತ್ತದೆ. ಆಡಿಸಿದರೆ ಆ ಕೈ ಹೇಳುವುದು ಇನ್ನು ಮೇಲೆ ಏನಿಲ್ಲ ಎಂದಲ್ಲ; ಅದು ಹದಿನಾಲ್ಕನೆಯ ಸನ್ನೆ. ಸಫೂರಾ ಅವನ ಮುಖ ಬಿಟ್ಟು ಕೈಯನ್ನೇ ನೋಡುತ್ತಿದ್ದಳು. ಈಶ್ವರಮ್ಮನ ಕಾಯಿ ಬಿಡಿಸುವ ಸದ್ದು ನಿಂತಿತ್ತು. ಅವನು ಕೈ ಆಡಿಸಿದ. ಒಂದು ಸಲ. ಇನ್ನೊಂದು ಸಲ.

ಅವಳ ಮುಖದಲ್ಲಿ ಏನೂ ಕದಲಲಿಲ್ಲ. ತೋರುಬೆರಳನ್ನು ನೆಟ್ಟಗೆ ನಿಲ್ಲಿಸಿ ಅತ್ತಿತ್ತ ವಾಲಿಸಿದಳು, ಅವನೇ ಕಲಿಸಿದ್ದ ಹಾಗೆ: ಎಷ್ಟು?

ಅವನು ತನ್ನ ತೋರುಬೆರಳೆತ್ತಿ ಖಾಲಿಯಲ್ಲಿಟ್ಟ. ಬೆರಳು ಬಲಕ್ಕೆ ಹೊರಟಿತು. ಒಂದು ಗೀಟು, ಎರಡು, ಮೂರು. ನಾಲ್ಕರಲ್ಲಿ ನಿಂತಿತು, ರೂಢಿಯಂತೆ, ಒಂದು ಗೀಟು ಕಮ್ಮಿ. ಸಫೂರಾ ಕಾದಳು, ತಲೆಯಾಡಿಸಲಿಲ್ಲ, ಸಹಾಯ ಮಾಡಲಿಲ್ಲ. ಬೆರಳು ಮತ್ತೆ ಹೊರಟಿತು.